ಮದುಮಗಳ ದನಿ

ಫೋಟೊದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಎರಡು ಸಾಲಾಗಿ ನಿಂತಿದ್ದ ಮದುವೆ ಮನೆಯವರೆಲ್ಲ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಹಿಂದಿನ ಸಾಲಿನ ದಪ್ಪ ಮಾವನ ಮೂಗಿನ ಮೇಲೆ ನೊಣವೊಂದು ಬಂದು ಕೂತಿತು. ಅವನು ಮೂಗು ಕುಣಿಸಿದ. ನೊಣ ಪಕ್ಕದವಳ ಮೂಗಿಗೆ ಹಾರಿತು. ಹೀಗೆ ಮೂಗಿನಿಂದ ಮೂಗಿಗೆ ದಾಟುತ್ತ ಇಡೀ ಸಂಸಾರವನ್ನು ಒಂದು ಸುತ್ತು ಹಾಕಿ, ಕೊನೆಗೆ ಮದುಮಗಳ ಮೂಗಿನ ತುದಿಯನ್ನು ಆರಿಸಿಕೊಂಡು ನೆಮ್ಮದಿಯಾಗಿ ಕಾಲು ಉಜ್ಜತೊಡಗಿತು. ಮದುಮಗಳು ಅಲುಗಲಿಲ್ಲ. ತುಟಿಯನ್ನಷ್ಟೇ ಒಂದು ಎಳೆ ಬಿಡಿಸಿ, "ಬೇಗ ಮುಗಿಸಪ್ಪಾ, ಈ ಶೂ ನನ್ನ ತಂಗೀದು, ಬೆರಳು ಸತ್ತೇ ಹೋದ್ವು" ಅಂದಳು.

ಲಾಳಿಯಮ್ಮ ಗೊಳ್ಳೆಂದು ನಕ್ಕಳು. ಮುಂದಿನ ಸಾಲಿನ ಇಬ್ಬರು ಹಿಂತಿರುಗಿ ನೋಡಿದರು. ಈ ಜಾಗದಲ್ಲಿ ನಗುವಂಥದ್ದು ಏನಿತ್ತು ಎನ್ನುವ ಮುಖ. ಇವರಿಗೆ ನೊಣ ಮಾತ್ರ ಬೇಕು, ಮಾತಿನ ರುಚಿ ಗೊತ್ತಿಲ್ಲ ಅಂದುಕೊಂಡು ಅವಳು ಮತ್ತೆ ಪರದೆಗೆ ಕಣ್ಣು ನೆಟ್ಟಳು.

ಗ್ರಂಥಾಲಯದ ಮೇಲಂತಸ್ತಿನ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ಭಾನುವಾರದ ಮಧ್ಯಾಹ್ನ, ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಚಿತ್ರಸಂಘದ ಕಾರ್ಯದರ್ಶಿ ಲಾಳಿಯಮ್ಮನ ಅಳಿಯನೇ. "ಗ್ರೂಪ್ ಫೋಟೊ: ನೂರು ವರ್ಷ, ಅದೇ ನಗು" ಎಂದು ಬಾಗಿಲಲ್ಲಿ ಪೋಸ್ಟರ್ ಅಂಟಿಸಿದವನೂ ಅವನೇ. ಪರದೆಯ ಪಕ್ಕದಲ್ಲಿ ಬೋಳುತಲೆಯವನೊಬ್ಬ ಪಿಯಾನೋ ಮುಂದೆ ಕೂತು ಒಂದೇ ಸಮ ಬೆರಳಾಡಿಸುತ್ತಿದ್ದ. ಸಿನಿಮಾ ಆದಮೇಲೆ ಹಾಡಿನ ಕಾರ್ಯಕ್ರಮ ಇರಬೇಕು, ಕೈ ಪಳಗಿಸಿಕೊಳ್ಳುತ್ತಿದ್ದಾನೆ, ಹೊರಗೆ ಹೋಗಿ ಪಳಗಿಸಿಕೊಳ್ಳಬಾರದೇ ಎಂದು ಅವಳಿಗೆ ಒಮ್ಮೆ ಅನ್ನಿಸಿತ್ತು. ನಡುನಡುವೆ ಹೂಬಳ್ಳಿಯ ಚೌಕಟ್ಟಿನೊಳಗೆ ಒಂದೊಂದು ಸಾಲು ಅಕ್ಷರ ಬಂದು ಹೋಗುತ್ತಿತ್ತು. ಅವಳು ಕೂಡಿಸಿಕೊಂಡು ಓದುವಷ್ಟರಲ್ಲಿ ಅದು ಮಾಯ. ಮಾತು ಸ್ಪಷ್ಟವಾಗಿರುವಾಗ ಅಕ್ಷರ ಯಾರಿಗೆ ಬೇಕು.

ಮಾತಂತೂ ಅಷ್ಟು ಸ್ಪಷ್ಟವಾಗಿತ್ತು. ಈಚೆಗೆ ಟಿವಿಯಲ್ಲಿ ಬರುವವರು ಬಾಯಲ್ಲಿ ಬಟ್ಟೆ ತುರುಕಿಕೊಂಡವರ ಹಾಗೆ ಗೊಣಗುತ್ತಾರೆ, ಅರ್ಧ ಮಾತು ಆಡುವಾಗ ಬೆನ್ನು ತೋರಿಸಿರುತ್ತಾರೆ. ಇವರು ಹಾಗಲ್ಲ. ನೆಟ್ಟಗೆ ಮುಖ ಕೊಟ್ಟು, ಬಾಯಿ ತುಂಬ ಮಾತಾಡುತ್ತಿದ್ದರು. ಫೋಟೊದವನದು ಬೀಡಿ ಸೇದಿ ಸೇದಿ ಒಡೆದ ಗಂಟಲು. ದಪ್ಪ ಮಾವನದು ಮಡಕೆಯೊಳಗಿಂದ ಬಂದ ಹಾಗೆ. ಮದುಮಗಳದು ಮೂಗಿನಿಂದ ಹೊರಡುವ ತೆಳ್ಳನೆಯ, ಚೂಪು ದನಿ. ಪಕ್ಕದಲ್ಲಿ ಮಗಳು ಕೂತಿದ್ದಳು, ತೊಡೆಯ ಮೇಲೆ ಕೂಸು. ಅತ್ತ ಬೀಗಿತ್ತಿ. ಮಗಳು ಯಾವಾಗಲೋ ಕೂಸನ್ನು ಎತ್ತಿಕೊಂಡು, ಬಗ್ಗಿ ಬಗ್ಗಿ ಎಲ್ಲರ ಮೊಣಕಾಲು ದಾಟಿ ಹೊರಗೆ ಹೋದಳು. ಸುತ್ತಲಿನ ತಲೆಗಳೆಲ್ಲ ಇತ್ತ ತಿರುಗಿದವು. ತಾನು ಜೋರಾಗಿ ನಕ್ಕದ್ದಕ್ಕೇ ಹೀಗೆ ನೋಡುತ್ತಿದ್ದಾರೆ ಎಂದುಕೊಂಡು ಲಾಳಿಯಮ್ಮ ಬಾಯಿಗೆ ಅಂಗೈ ಒತ್ತಿಕೊಂಡಳು.

ಕೊನೆಗೆ ಆ ಪ್ರಸಂಗ ಬಂತು. ಹಿಂದೆ ಕಟ್ಟಿದ್ದ ಸರೋವರದ ಬಣ್ಣದ ಪರದೆ ದೊಪ್ಪೆಂದು ಬಿತ್ತು, ಅದರ ಹಿಂದಿನ ಗೋಡೆಯೂ ಬಿತ್ತು, ನೋಡಿದರೆ ಮದುವೆ ಮನೆಯವರು ನಿಂತಿರುವುದು ನಡುರಸ್ತೆಯಲ್ಲಿ. ಅಲುಗಾಡಬೇಡಿ ಎಂದು ಫೋಟೊದವನು ಹೇಳಿದ್ದಾನೆ, ಅವರು ಅಲುಗಾಡುವುದಿಲ್ಲ. ಕುದುರೆಗಾಡಿಗಳು ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಹೊರಳಿದವು. ಪೊಲೀಸಿನವನು ಸೀಟಿ ಊದಿದ. ಅವರು ಹಲ್ಲು ಕಿರಿದು ಹಾಗೇ ನಿಂತರು. ಹಾಲ್‌ನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಬೆಂಚು ನಡುಗುವುದು ಲಾಳಿಯಮ್ಮನ ತೊಡೆಗೆ ಗೊತ್ತಾಗುತ್ತಿತ್ತು. ಕಿರಿದ ಹಲ್ಲಿನ ಸಂದಿಯಿಂದಲೇ ದಪ್ಪ ಮಾವ ಪಕ್ಕದವನಿಗೆ, "ಆ ಗಾಡಿಯವನಿಗೆ ಪಕ್ಕಕ್ಕೆ ತಿರುಗಿಸೋಕೆ ನಿಜವಾಗ್ಲೂ ಹೇಳಿದಾರೇನೋ? ನೋಡಿದ್ರೆ ಕುಡಿದ ಹಾಗಿದಾನೆ" ಅಂದ. ಲಾಳಿಯಮ್ಮನಿಗೆ ಕಣ್ಣಲ್ಲಿ ನೀರು ಬಂತು. ಮಿಲ್ಲು ಬಿಟ್ಟಮೇಲೆ ಇಷ್ಟು ನಕ್ಕಿದ್ದೇ ಇಲ್ಲ.

ಮದುವೆಗೆ ಮುಂಚೆ ಮಿಲ್ಲು ಸೇರಿ, ಮಗಳ ಮದುವೆ ಮಾಡಿದ ಮೇಲೆ ಹೊರಗೆ ಬಂದವಳು ಅವಳು. ಮಗ್ಗದಿಂದ ಮಗ್ಗಕ್ಕೆ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದುದಕ್ಕೆ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹೆಸರು ಬಿದ್ದಿತ್ತು. ಆಮೇಲೆ ಅದಕ್ಕೊಂದು ಅಮ್ಮ ಸೇರಿತು. ಮಗ್ಗದ ಶೆಡ್ಡಿನಲ್ಲಿ ಪಕ್ಕದಲ್ಲೇ ಬಾಂಬು ಬಿದ್ದರೂ ಕೇಳುವಂತಿರಲಿಲ್ಲ. ಅಲ್ಲಿನ ಹೆಂಗಸರು ಮಾತಾಡುತ್ತಿದ್ದದ್ದು ತುಟಿಯಲ್ಲಿ. ಶೆಡ್ಡಿನ ಆ ತುದಿಯಲ್ಲಿ ನಿಂತವಳು ಈ ತುದಿಯವಳಿಗೆ ಗಂಡನ ಮೇಲೆ ದೂರು ಹೇಳಬಹುದಿತ್ತು. ಮೇಸ್ತ್ರಿ ನಡುವೆ ನಿಂತಿರುವಾಗಲೇ ಅವನ ಏಳು ತಲೆಮಾರನ್ನು ಜಾಲಾಡಬಹುದಿತ್ತು. ಕಿವಿ ಸ್ವಲ್ಪ ಮಂದವಾಗಿದೆ ಎನ್ನುವುದು ಅವಳಿಗೂ ಗೊತ್ತಿತ್ತು. ಮಿಲ್ಲಿನವರಲ್ಲಿ ಯಾರ ಕಿವಿ ನೆಟ್ಟಗಿತ್ತು? ಫೋನು ಕಿವಿಗಿಟ್ಟರೆ ಉರಿಯುತ್ತದೆ ಎಂದು ಮಗಳ ಹತ್ತಿರ ಮುಖ ಕಾಣುವ ಫೋನಿನಲ್ಲೇ ಮಾತಾಡುತ್ತಿದ್ದಳು. ಮನೆಯ ಬಾಗಿಲು ಬೆಳಗಿನಿಂದ ಸಂಜೆವರೆಗೂ ತೆರೆದೇ ಇರುತ್ತಿತ್ತು. ಎಷ್ಟು ಧಾರಾಳದ ಹೆಂಗಸು ಎಂದು ವಠಾರದವರು ಹೊಗಳುತ್ತಿದ್ದರು. ಎದುರು ಕೂತು ಮಾತಾಡಿದರೆ ಎಲ್ಲವೂ ಕೇಳಿಸುತ್ತಿತ್ತು. ಅಷ್ಟು ಸಾಕಲ್ಲ, ಈ ವಯಸ್ಸಿಗೆ.

ಸಾಕೆಂದೇ ಮಗಳೂ ನಂಬಿದ್ದಳು. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಾಣಂತನದ ರಜೆ ಮುಗಿದಿತ್ತು. ನಾಳೆ ಬೆಳಗ್ಗೆ ಕೂಸು ಲಾಳಿಯಮ್ಮನ ಮನೆಗೆ ಬರಬೇಕು, ಸಂಜೆ ಮಗಳು ಬಂದು ಕರೆದುಕೊಂಡು ಹೋಗಬೇಕು. ಇಷ್ಟು ತೀರ್ಮಾನವಾಗುವುದಕ್ಕೆ ಮಗಳು ಎರಡು ತಿಂಗಳು ಗಂಡನ ಹತ್ತಿರ, ಅತ್ತೆಯ ಹತ್ತಿರ ಜಗಳವಾಡಿದ್ದಳು. ನಮ್ಮನೇಲಿ ಮೂರು ರೂಮಿದೆ, ಅಲ್ಲೇನಿದೆ, ಒಂದು ಒಲೆ ಒಂದು ಕಿಟಕಿ ಎಂದಿದ್ದಳಂತೆ ಬೀಗಿತ್ತಿ. ನಮ್ಮಮ್ಮ ಇದಾಳೆ ಎಂದಿದ್ದಳಂತೆ ಮಗಳು. ಆ ಮಾತನ್ನು ಮಗಳ ಬಾಯಿಂದಲೇ ಕೇಳಿದ ದಿನ ಲಾಳಿಯಮ್ಮ ಹೊಸ ತೊಟ್ಟಿಲು ತಂದು ಕಿಟಕಿಯ ಪಕ್ಕ ನಿಲ್ಲಿಸಿದ್ದಳು.

ದೀಪ ಹೊತ್ತಿದವು. ಜನ ಹೊರಗಿನ ಪಡಸಾಲೆಗೆ ಟೀ ಕುಡಿಯಲು ನುಗ್ಗಿದರು. ಅಳಿಯ ಎರಡು ಲೋಟ ಹಿಡಿದುಕೊಂಡು ಗುಂಪನ್ನು ಸೀಳಿಕೊಂಡು ಬಂದ. ಮುಖ ದೀಪದ ಹಾಗೆ ಬೆಳಗುತ್ತಿತ್ತು.

"ಹೇಗಿತ್ತು ಅತ್ತೆ? ನೂರು ವರ್ಷದ ಹಿಂದೆ ನಮ್ಮ ಕನ್ನಡದೋರೇ ಸೇರಿ ತೆಗೆದದ್ದು. ಇವತ್ತೂ ಒಂದು ಕುರ್ಚಿ ಖಾಲಿ ಇಲ್ಲ ನೋಡಿ. ಈಗಿನೋರು ಕೋಟಿ ಸುರಿದ್ರೂ ಇಷ್ಟು ನಗಿಸೋಕಾಗಲ್ಲ."

"ಚೆನ್ನಾಗಿತ್ತು ಕಣಪ್ಪಾ. ಆ ಮದುಮಗಳು ಭಲೇ ಬಾಯಾಳಿ. ಏನು ಗೊಣಗ್ತಾಳೆ, ಏನು ಗೊಣಗ್ತಾಳೆ. ದನಿಯಾದ್ರೂ ಹೇಗಿದೆ ನೋಡು, ಮೂಗಲ್ಲೇ ಕುಯ್ಯೋ ಹಾಗೆ."

ಅಳಿಯನ ಲೋಟ ಬಾಯಿಗೆ ಹೋಗುತ್ತಿದ್ದದ್ದು ದಾರಿಯಲ್ಲೇ ನಿಂತಿತು.

"ಯಾವ ದನಿ ಅತ್ತೆ?"

"ಮದುಮಗಳದ್ದಪ್ಪ. ತಂಗಿ ಶೂ ಹಾಕ್ಕೊಂಡು ಬಂದು ಒದ್ದಾಡ್ತಾಳಲ್ಲ."

"ಅತ್ತೆ, ಇದು ಮೂಕಿ ಚಿತ್ರ. ಮಾತೇ ಇಲ್ಲ ಇದರಲ್ಲಿ. ಆ ಕಾಲದಲ್ಲಿ ಸಿನಿಮಾಕ್ಕೆ ಇನ್ನೂ ಮಾತೇ ಬಂದಿರಲಿಲ್ಲ."

ಬೀಗಿತ್ತಿ ಕರವಸ್ತ್ರ ಬಾಯಿಗಿಟ್ಟುಕೊಂಡು ಏನೋ ಅಂದಳು. ಏನೆಂದು ಗೊತ್ತಾಗಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮಗಳ ಹುಬ್ಬು ಗಂಟಾಯಿತು.

ಎಳೆ ಹರಿದರೆ ಮಗ್ಗದವಳ ಕೈ ಮನಸ್ಸನ್ನು ಕೇಳಿಕೊಂಡು ಕೂರುವುದಿಲ್ಲ. ಮನಸ್ಸಿಗೆ ಗೊತ್ತಾಗುವ ಮೊದಲೇ ಗಂಟು ಬಿದ್ದಿರುತ್ತದೆ. ಲಾಳಿಯಮ್ಮ ನಕ್ಕುಬಿಟ್ಟಳು.

"ಮೂಕಿ ಅಂತ ನನಗೆ ಗೊತ್ತಿಲ್ವೇನಪ್ಪಾ? ಮೂಕಿ ನಿಮಗೆ. ಮಿಲ್‌ನೋರಿಗೆ ತುಟಿ ಅಲ್ಲಾಡಿದ್ರೆ ಸಾಕು, ದನಿ ನಾವೇ ಹಾಕ್ಕೋತೀವಿ. ಆ ದಪ್ಪ ಮಾವ ಏನಂದ ಗೊತ್ತಾ? ಗಾಡಿಯೋನು ಕುಡಿದಿದಾನೆ, ಅವನಿಗೆ ಹೇಳಿದೀರಾ ಇಲ್ವಾ ಅಂದ. ಹಲ್ಲು ಕಿರಿದುಕೊಂಡೇ."

ಅಳಿಯ ಲೋಟವನ್ನು ಕಿಟಕಿಯ ಮೇಲಿಟ್ಟ. "ನಿಜವಾಗ್ಲೂ? ತುಟಿ ಓದಿದ್ರಾ?"

"ಇನ್ನೇನು, ಮೂಗು ಓದೋಕಾಗುತ್ತಾ?"

ಆಮೇಲೆ ನಡೆದದ್ದೆಲ್ಲ ಒಂದೇ ಉಸಿರಿನಲ್ಲಿ ನಡೆದುಹೋಯಿತು. ಅಳಿಯ ಸಂಘದ ಅಧ್ಯಕ್ಷರನ್ನು ಕೈ ಹಿಡಿದು ಎಳೆದುಕೊಂಡು ಬಂದ. ನರೆತ ಗಡ್ಡದ ಅಧ್ಯಕ್ಷರು ಅವಳ ಎದುರು ನಿಂತು ತಲೆದೂಗಿದರು. ಗಡ್ಡದ ಒಳಗಿಂದ ಬಂದ ಮಾತು ಅವಳಿಗೆ ಅರ್ಧ ಸಿಕ್ಕಿತು, ಅರ್ಧ ಸಿಗಲಿಲ್ಲ. ನೂರು ವರ್ಷದಿಂದ ಯಾರೂ ಕೇಳದ ಮಾತು ಎಂದದ್ದು ಸಿಕ್ಕಿತು. ಅಳಿಯ ಅದನ್ನು ಮತ್ತೆ ಹೇಳಿದ. ಮುಂದಿನ ಭಾನುವಾರದಿಂದ ಬೇರೆ ಬೇರೆ ಊರುಗಳಲ್ಲಿ ಪ್ರದರ್ಶನ ಇದೆ, ಅತ್ತೆ ಜೊತೆಗೆ ಬರಬೇಕು, ಪರದೆಯ ಪಕ್ಕ ಮೈಕು ಹಿಡಿದು ಕೂತು ಆ ಮಾತುಗಳನ್ನು ಜನಕ್ಕೆ ಹೇಳಬೇಕು. "ನಮ್ಮತ್ತೆ ಕಣ್ಣಲ್ಲೇ ಕೇಳಿಸ್ಕೋತಾರೆ ಸಾರ್" ಎಂದು ಅವನು ಸುತ್ತಲಿನವರಿಗೆಲ್ಲ ಹೇಳುತ್ತಿದ್ದ. ಮಗಳ ಹುಬ್ಬು ಸಡಿಲವಾಯಿತು. ಅವಳೂ ನಕ್ಕಳು. ಬೀಗಿತ್ತಿ ಕರವಸ್ತ್ರ ಮಡಚಿ ಚೀಲದೊಳಗೆ ಹಾಕಿದಳು.

ಆ ಗುಂಪಿನ ತಲೆಗಳ ಮೇಲಿಂದ, ಪಡಸಾಲೆಯ ಆ ತುದಿಯಲ್ಲಿ, ಕಂಬಕ್ಕೊರಗಿ ನಿಂತಿದ್ದ ಒಬ್ಬಳು ಅವಳನ್ನೇ ನೋಡುತ್ತಿದ್ದಳು. ಮಿಲ್ಲಿನ ಗೆಳತಿ ಗಿಣಿ. ಈಗ ಅವಳ ಎರಡೂ ಕಿವಿಗೆ ಮಶಿನು. ಮಶಿನು ಹಾಕಿದ ದಿನದಿಂದ ನನ್ನ ಮಗ ನನ್ನ ಹತ್ರ ಮಾತಾಡೋದು ಬಿಟ್ಟು ಮಶಿನಿನ ಹತ್ರ ಮಾತಾಡ್ತಾನೆ ಎಂದು ಹೇಳಿಕೊಂಡು ನಗುತ್ತಿದ್ದವಳು. ಈಗ ನಗುತ್ತಿರಲಿಲ್ಲ. ದನಿಯಿಲ್ಲದೆ, ಶೆಡ್ಡಿನಲ್ಲಿ ಆಡುತ್ತಿದ್ದ ಹಾಗೆ ತುಟಿಯಲ್ಲೇ ಕೇಳಿದಳು.

"ನಿಂಗೂ ಬಂತೇನೇ?"

ಲಾಳಿಯಮ್ಮ ತುಟಿಯಲ್ಲೇ, "ಏನು?" ಅಂದಳು.

"ಮಾತಾಡೋ ಸಿನಿಮಾ ಅಂದ್ಕೊಂಡಿದ್ದೆ ತಾನೆ? ನಿನ್ನ ಮುಖ ನೋಡ್ತಾ ಇದ್ದೆ. ನಂಗೂ ಹಿಂಗೇ ಆಗಿತ್ತು. ಸತ್ತ ನಮ್ಮತ್ತೆ ದನಿಯಲ್ಲಿ ಟಿವಿಯೋಳು ವಾರ್ತೆ ಓದೋಳು."

"ಸುಮ್ನಿರೇ. ನಂಗೆ ಕೇಳಿಸುತ್ತೆ."

"ಕಣ್ಣು ಮುಚ್ಚಿ ನೋಡು."

ಅಳಿಯ ಇನ್ನೂ ಮಾತಾಡುತ್ತಲೇ ಇದ್ದ. ಬಸ್ಸು, ಊಟ, ಯಾವ ಊರು ಮೊದಲು, ಎಲ್ಲ ಅವನ ದನಿಯಲ್ಲೇ, ಸ್ವಲ್ಪ ಅವಸರದ, ಸ್ವಲ್ಪ ಜಾರುವ ಆ ದನಿಯಲ್ಲಿ, ಅವಳಿಗೆ ಅಕ್ಷರ ಬಿಡದೆ ಕೇಳಿಸುತ್ತಿತ್ತು. ಲಾಳಿಯಮ್ಮ ಟೀ ಗುಟುಕರಿಸುವವಳ ಹಾಗೆ ತಲೆ ಬಗ್ಗಿಸಿ ಕಣ್ಣು ಮುಚ್ಚಿದಳು.

ದೀಪ ಆರಿಸಿದ ಹಾಗೆ ದನಿ ಹೋಯಿತು. ಅಳಿಯನದಷ್ಟೇ ಅಲ್ಲ, ಪಡಸಾಲೆಯಲ್ಲಿ ಗಿಜಿಗುಡುತ್ತಿದ್ದ ಅಷ್ಟು ಜನದ್ದೂ. ಬೆರಳಿಗೆ ಲೋಟದ ಬಿಸಿ ಇತ್ತು, ಮೂಗಿಗೆ ಟೀಯ ವಾಸನೆ ಇತ್ತು, ಬೇರೆ ಏನೂ ಇರಲಿಲ್ಲ. ಕಣ್ಣು ತೆರೆದಳು. "... ಹೋಗಿ ಬರೋದು ಒಂದೇ ದಿನ ಅತ್ತೆ" ಎಂದು ಅಳಿಯ ಅವನ ದನಿಯಲ್ಲೇ ಹೇಳುತ್ತಿದ್ದ.

ಸಿನಿಮಾ ಮುಗಿಸಿ ಬಂದಮೇಲೆ ಮಗಳು ಅಂಗಡಿಗೆ ಹೋಗಿ ಬರುತ್ತೇನೆಂದು ಕೂಸನ್ನು ಲಾಳಿಯಮ್ಮನ ಮನೆಯಲ್ಲಿ ಮಲಗಿಸಿದಳು. ನಾಳೆಗೆ ಒಂದು ಅಭ್ಯಾಸವೂ ಆಗುತ್ತದೆ ಎಂದಳು. ಹಾಲಿನ ಬಾಟಲು, ಬಟ್ಟೆಯ ಚೀಲ, ಹಲ್ಲು ಬರುವಾಗ ಕಚ್ಚುವ ರಬ್ಬರಿನ ಉಂಗುರ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಅತ್ರೆ ಎತ್ಕೋ ಅಮ್ಮ, ಇಲ್ದಿದ್ರೆ ಮಲಗಿರ್ಲಿ" ಎಂದಳು. ಆ ದನಿಯನ್ನು ಲಾಳಿಯಮ್ಮ ಈಗ ಹೊಸದಾಗಿ ಗಮನಿಸಿದಳು. ಅದು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಮಗಳ ದನಿ. ಇವಳು ಈಗ ಹೇಗೆ ಮಾತಾಡುತ್ತಾಳೋ ಯಾರಿಗೆ ಗೊತ್ತು.

ಒಬ್ಬಳೇ ಆದಮೇಲೆ ಅವಳು ಬೀನ್ಸ್ ತುಂಬಿದ ಬುಟ್ಟಿ ತೆಗೆದುಕೊಂಡು ಒಲೆಯ ಕಟ್ಟೆಯ ಮುಂದೆ ನಿಂತಳು. ತೊಟ್ಟಿಲು ಬೆನ್ನ ಹಿಂದೆ, ಕಿಟಕಿಯ ಪಕ್ಕ, ನಡುವೆ ಅರ್ಧ ಗೋಡೆ. ತಿರುಗಿ ನೋಡಬಾರದು. ಕೇಳಿಸಿದಾಗಲೇ ಹೋಗಬೇಕು. ಗಿಣಿ ಮೊದಲಿನಿಂದಲೂ ಒಂದಕ್ಕೆ ಹತ್ತು ಹೇಳುವವಳು. ಗುಂಪಿನಲ್ಲಿ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಕೂಸಿನ ಅಳು ಬೇರೆ. ಹೆತ್ತವಳಿಗೆ, ಹೆತ್ತವಳ ಹೆತ್ತವಳಿಗೆ ಅದು ಕಿವಿಯಿಂದಲೇ ಬರಬೇಕೆಂದಿಲ್ಲ. ಕಳೆದ ವಾರ ಮಗಳು ಇಲ್ಲಿಗೆ ಬಂದಿದ್ದಾಗೆಲ್ಲ ಅದು ಅತ್ತಾಗ ತಾನು ಓಡಿ ಹೋಗಿದ್ದೆನಲ್ಲ. ಹೋದಾಗ ಮಗಳು ಆಗಲೇ ಅಲ್ಲಿರುತ್ತಿದ್ದಳು, ಅಷ್ಟೇ. ಅಥವಾ ಮಗಳು ಎದ್ದದ್ದನ್ನು ನೋಡಿಯೇ ತಾನು ಓಡುತ್ತಿದ್ದೆನೋ. ಬೀನ್ಸಿನ ತುದಿ ಮುರಿದು ನಾರು ಎಳೆಯುತ್ತ ಅವಳು ಬೆನ್ನಿನಿಂದ, ಕತ್ತಿನಿಂದ, ಅಂಗಾಲಿನಿಂದ ಕೇಳಿಸಿಕೊಳ್ಳಲು ನಿಂತಳು.

ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಸಣ್ಣಗೆ, ಬಿಕ್ಕಿ ಬಿಕ್ಕಿ, ಕೂಸಿನದೇ ಅಳು. ಅವಳ ಎದೆಗೆ ಹಾಲೆರೆದ ಹಾಗಾಯಿತು. ಕೈಯಲ್ಲಿದ್ದ ಬೀನ್ಸ್ ಬಿಸಾಡಿ ಓಡಿದಳು.

ಕೂಸು ನಿದ್ದೆ ಮಾಡುತ್ತಿತ್ತು. ಬಾಯಿ ತುಸು ತೆರೆದು, ಹೊಟ್ಟೆ ನಿಧಾನಕ್ಕೆ ಏರುತ್ತ ಇಳಿಯುತ್ತ. ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಇದೆಯೇ ಎಂದು ಬೆರಳಾಡಿಸಿ ನೋಡಿದಳು. ಗೆರೆಯಿರಲಿಲ್ಲ. ಆದರೆ ಅಳು ಅವಳ ಕಿವಿಯಲ್ಲಿ ಇನ್ನೂ ನಡೆದೇ ಇತ್ತು. ಮಲಗಿರುವ ಕೂಸಿನ ಮುಖ ನೋಡುತ್ತ ನಿಂತಮೇಲೆ ಅದು ಮೆಲ್ಲಗೆ ನಿಂತಿತು.

ಮತ್ತೆ ಹೋಗಿ ಬೀನ್ಸ್ ಹಿಡಿದಳು. ಈ ಸಲ ಕೇಳಿಸಿದರೂ ಹೋಗಬಾರದು, ಎರಡನೇ ಸಲ ಕೇಳಿಸಿದರೆ ಹೋಗಬೇಕು ಎಂದು ತನಗೆ ತಾನೇ ಒಂದು ಲೆಕ್ಕ ಹಾಕಿಕೊಂಡಳು. ಏನೂ ಕೇಳಿಸಲಿಲ್ಲ. ಮನೆ ತಣ್ಣಗಿತ್ತು. ಬೀನ್ಸ್ ಎಲ್ಲ ಹೆಚ್ಚಿ ಮುಗಿಯಿತು. ಪಾತ್ರೆ ತೊಳೆದು ಬೋರಲು ಹಾಕಿದಳು. ಕಟ್ಟೆ ಒರೆಸಿದಳು. ಒಳ್ಳೆಯ ನಿದ್ದೆ ಹತ್ತಿದೆ, ನಾಳೆಯೂ ಹೀಗೇ ಮಲಗಿದರೆ ಮಧ್ಯಾಹ್ನದೊಳಗೆ ಅಡುಗೆ ಮುಗಿಸಿ ಆಡಿಸಬಹುದು ಅಂದುಕೊಂಡಳು. ಕೈ ಒರೆಸಿಕೊಳ್ಳುತ್ತ, ಸುಮ್ಮನೆ ಹೊದಿಕೆ ಸರಿಮಾಡೋಣವೆಂದು ಅರ್ಧ ಗೋಡೆ ದಾಟಿದಳು.

ಕೂಸಿನ ಮುಖ ಕೆಂಪು ದಾಟಿ ನೀಲಿಗೆ ತಿರುಗಿತ್ತು. ಬಾಯಿ ಅದರ ಮುಖಕ್ಕಿಂತ ದೊಡ್ಡದಾಗಿತ್ತು. ಒಂದು ಕಾಲು ಮೊಣಕಾಲಿನವರೆಗೂ ತೊಟ್ಟಿಲಿನ ಸರಳುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಎಳೆದು ಎಳೆದು ಚರ್ಮ ತರಚಿತ್ತು. ಕೂದಲು, ಅಂಗಿಯ ಕತ್ತು, ಹಾಸಿಗೆ ಎಲ್ಲ ಬೆವರಿನಿಂದ ಒದ್ದೆ. ಅದು ಉಸಿರು ಎಳೆದುಕೊಳ್ಳುವುದು, ಮತ್ತೆ ಇಡೀ ಮೈ ನಡುಗಿಸಿ ಬಾಯಿ ತೆರೆಯುವುದು, ಎಲ್ಲವೂ ಅವಳ ಕಣ್ಣ ಮುಂದೆ ಗಾಜಿನ ಆಚೆ ನಡೆದ ಹಾಗೆ ನಡೆಯುತ್ತಿತ್ತು. ಅವಳು ಕಾಲು ಬಿಡಿಸಿ ಕೂಸನ್ನು ಎದೆಗೆ ಅವಚಿಕೊಂಡಳು. ಆಗ ಗೊತ್ತಾಯಿತು, ಕಿವಿಯಿಂದಲ್ಲ, ಎದೆಯ ಮೂಳೆಯಿಂದ. ಮಗ್ಗದ ಚೌಕಟ್ಟಿಗೆ ಅಂಗೈ ಇಟ್ಟ ಹಾಗೆ ಅದರ ಅಳು ಅವಳ ಮೈಯೊಳಗೆ ಹಾಯುತ್ತಿತ್ತು.

ಮಗಳು, ಅಳಿಯ ಒಳಗೆ ಬಂದಾಗ ಕೂಸು ಸುಮ್ಮನಾಗಿತ್ತು. ಆದರೂ ಮಗಳು ಎತ್ತಿಕೊಂಡ ಕೂಡಲೇ ತಿಳಿದುಕೊಂಡಳು. ಒಮ್ಮೆ ಅದರ ಮುಖಕ್ಕೆ ಕಿವಿ ಹಿಡಿದಳು.

"ಗಂಟಲೇ ಕಟ್ಟಿಹೋಗಿದೆ ಇದಕ್ಕೆ. ಉಸಿರು ಹೇಗೆ ಎಳೀತಿದೆ ನೋಡಿ. ಅಮ್ಮ, ಎಷ್ಟು ಹೊತ್ತು ಅತ್ತಿದೆ ಇದು?" ಕಾಲಿನ ತರಚು ಕಂಡಿತು. "ಇದೇನಿದು?"

"ಸರಳಲ್ಲಿ ಕಾಲು ಸಿಕ್ಕಿತ್ತು."

"ಸಿಕ್ಕಿದ್ರೆ? ನೀನು ಎಲ್ಲಿದ್ದೆ?"

"ಇಲ್ಲೇ. ಬೀನ್ಸ್ ಹೆಚ್ತಾ ಇದ್ದೆ."

ಮಗಳು ಅಳಿಯನ ಮುಖ ನೋಡಿದಳು. ಆಮೇಲೆ ಅಮ್ಮನ ಹತ್ತಿರಕ್ಕೆ ಬಂದಳು. ಮಧ್ಯಾಹ್ನ ಪಡಸಾಲೆಯಲ್ಲಿ ಗಂಟಾಗಿ ಸಡಿಲವಾಗಿದ್ದ ಹುಬ್ಬು ಮತ್ತೆ ಗಂಟಾಗಿತ್ತು. ಸಿಟ್ಟಿಗಿಂತ ಹೆದರಿಕೆಯೇ ಅದರಲ್ಲಿ ಹೆಚ್ಚಿತ್ತು.

"ಅಮ್ಮ, ನಿಜ ಹೇಳು. ನಿನಗೆ ಕೇಳಿಸಲಿಲ್ವಾ?"

ಅಷ್ಟು ಮೆತ್ತಗೆ ಕೇಳಿದ್ದಳು ಎನ್ನುವುದು ತುಟಿಯಲ್ಲೇ ಗೊತ್ತಾಗುತ್ತಿತ್ತು. ಇಲ್ಲ ಅಂದರೆ ಸಾಕಿತ್ತು. ಹಾಗೆ ಹೇಳಿದರೆ ನಾಳೆ ಇವಳು ರಜೆ ಹಾಕುತ್ತಾಳೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ, ಕೈ ಹಿಡಿದು ರಸ್ತೆ ದಾಟಿಸುತ್ತಾಳೆ. ಆಮೇಲೆ ಎಲ್ಲರೂ ತನ್ನ ಮುಂದೆ ನಿಂತು ಬಾಯಿ ಅಗಲ ಮಾಡಿ, ಎಳೆ ಮಗುವಿಗೆ ಹೇಳುವ ಹಾಗೆ, ಊಟ ಆಯ್ತಾ ಎಂದು ಕೇಳುತ್ತಾರೆ. ಬೀಗಿತ್ತಿ ಕರವಸ್ತ್ರವನ್ನು ಬಾಯಿಗಿಟ್ಟುಕೊಳ್ಳುವ ತಾಪತ್ರಯವನ್ನೂ ತೆಗೆದುಕೊಳ್ಳುವುದಿಲ್ಲ.

"ಕೇಳಿಸ್ತು" ಎಂದಳು ಲಾಳಿಯಮ್ಮ. "ಯಾಕೆ ಕೇಳಿಸಲ್ಲ?"

"ಕೇಳಿಸಿದ್ರೂ ಹೋಗ್ಲಿಲ್ವಾ?"

"ಅತ್ತ ಕೂಡ್ಲೇ ಎತ್ಕೊಂಡ್ರೆ ಅದೇ ರೂಢಿ ಆಗುತ್ತೆ. ಸ್ವಲ್ಪ ಅಳಲಿ ಅಂತ ಬಿಟ್ಟೆ. ನಿನ್ನನ್ನೂ ಹಾಗೇ ಬೆಳೆಸಿದ್ದು, ಸತ್ತುಹೋದ್ಯಾ?"

"ಅದರ ಕಾಲು ಸಿಕ್ಕಿತ್ತಮ್ಮ."

"ನಾನೇನು ಕನಸು ಕಂಡಿದ್ನಾ?"

ಅಳಿಯ ನಡುವೆ ಬಂದ. "ಹೋಗ್ಲಿ ಬಿಡೇ, ಅತ್ತೆಗೂ ಮೊದಲನೇ ದಿನ. ನಾಳೆಯಿಂದ..."

"ನಾಳೆಯಿಂದ ಆಗಲ್ಲ" ಎಂದಳು ಲಾಳಿಯಮ್ಮ.

ಇಬ್ಬರೂ ಅವಳನ್ನು ನೋಡಿದರು.

"ಏನಾಗಲ್ಲ?" ಎಂದಳು ಮಗಳು.

"ಕೂಸು ನೋಡ್ಕೊಳ್ಳೋಕೆ ನನ್ನಿಂದ ಆಗಲ್ಲ. ಮಿಲ್‌ನಲ್ಲಿ ದುಡಿದೆ, ನಿನ್ನ ಸಾಕಿದೆ, ಸಾಕಪ್ಪ ಅಂತ ಕೂತಿದೀನಿ. ಈಗ ಇನ್ನೊಬ್ಬರ ಕೂಸಿನ ಬಟ್ಟೆ ಒಗೀತಾ ಕೂರಬೇಕಾ? ನಿಮ್ಮತ್ತೆಗೆ ಮೂರು ರೂಮಿದೆ, ಅಲ್ಲೇ ಬಿಡು."

"ಇನ್ನೊಬ್ಬರ ಕೂಸಾ?"

"ನಿಮ್ಮನೆಯೋರು ಭಾನುವಾರ ಭಾನುವಾರ ಊರಿಂದೂರಿಗೆ ಬನ್ನಿ ಅಂತ ಕರೆದಿದಾರಲ್ಲ. ಮೈಕ್ ಹಿಡ್ಕೊಂಡು ಮಾತಾಡಬೇಕಂತೆ. ನಂಗೂ ಒಂದು ಸಲ ನಾಲ್ಕು ಜನರ ಮುಂದೆ ಕೂರಬೇಕು ಅನ್ಸಲ್ವಾ?"

ಅಳಿಯನ ಮುಖ ಕಪ್ಪಿಟ್ಟಿತು. "ಅತ್ತೆ, ಅದು ಭಾನುವಾರ ಮಾತ್ರ. ಅದಕ್ಕೂ ಇದಕ್ಕೂ..."

"ನೀವು ಸುಮ್ನಿರಿ" ಎಂದಳು ಮಗಳು.

ಅವಳು ಮೇಜಿನ ಮೇಲಿದ್ದ ಬಾಟಲು, ಬಟ್ಟೆ, ರಬ್ಬರಿನ ಉಂಗುರ ಎಲ್ಲವನ್ನೂ ಒಂದೇ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿದಳು. ಉಂಗುರ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಲಾಳಿಯಮ್ಮ ಬಗ್ಗಿ ಎತ್ತಿಕೊಡಲು ಹೋದಳು. ಮಗಳು ಕೈ ಚಾಚಲಿಲ್ಲ.

"ಅವರ ಮುಂದೆ ಎಷ್ಟು ಜಗಳ ಆಡಿದೆ ಗೊತ್ತಾ ನಾನು?" ಅವಳ ತುಟಿ ಅದುರುತ್ತಿತ್ತು. ಅದುರುವ ತುಟಿಯನ್ನು ಓದುವುದು ಕಷ್ಟ. ಲಾಳಿಯಮ್ಮ ಕಣ್ಣು ಕಿರಿದು ಮಾಡಿಕೊಂಡಳು. "ನಮ್ಮಮ್ಮನ ಹಾಗೆ ಯಾರೂ ನೋಡ್ಕೊಳ್ಳಲ್ಲ ಅಂದಿದ್ದೆ. ಈಗ ಆಯಮ್ಮನ ಮುಂದೆ ಏನಂತ ಹೋಗಿ ನಿಂತ್ಕೊಳ್ಳಲಿ? ನಮ್ಮಮ್ಮನಿಗೆ ಸಿನಿಮಾ ಮುಖ್ಯ ಅನ್ಲಾ?"

"ಹಾಗೇ ಅನ್ನು."

"ಇಷ್ಟು ಕಲ್ಲು ಅಂದ್ಕೊಂಡಿರಲಿಲ್ಲ ನಿನ್ನ."

ಅಳಿಯ ಚೀಲ ತೆಗೆದುಕೊಂಡ. ಆಟೋ ಹಿಡಿಯಲು ಮುಂದೆ ನಡೆದ. ಮಗಳು ಕೂಸನ್ನು ಎದೆಯ ಮುಂದೆ ಎತ್ತಿಕೊಂಡು ಹೊಸ್ತಿಲು ದಾಟಿದಳು. ದಾಟುತ್ತ ಇನ್ನೇನೋ ಅಂದಳು. ಬೆನ್ನು ಈ ಕಡೆ ಇತ್ತು. ಹೆಗಲು ಒಮ್ಮೆ ಏರಿ ಇಳಿದದ್ದು ಕಂಡಿತು. ಅದು ಕೊನೆಯ ಬೈಗುಳವೋ, ಬಾರಮ್ಮ ನೀನೂ ಎಂದು ಕರೆದದ್ದೋ ಗೊತ್ತಾಗಲಿಲ್ಲ. ಉತ್ತರಕ್ಕೆ ಕಾದ ಹಾಗೆ ಅವಳು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಳು. ಲಾಳಿಯಮ್ಮ ರಬ್ಬರಿನ ಉಂಗುರವನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಮಗಳು ಇಳಿದು ಹೋದಳು.

ತೆರೆದ ಬಾಗಿಲಲ್ಲಿ ನಿಂತು ನೋಡಿದರೆ ವಠಾರದ ಅಂಗಳ, ಅದರಾಚೆ ರಸ್ತೆ, ಎಲ್ಲ ಸಂಜೆಯ ಬೆಳಕಿನಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಇಟ್ಟುಕೊಂಡು ಜಗಳವಾಡುತ್ತಿದ್ದರು. ಅಳಿಯ ಗೇಟಿನ ಹತ್ತಿರ ಆಟೋ ನಿಲ್ಲಿಸುತ್ತಿದ್ದ. ಮಗಳು ಅಂಗಳದ ನಡುವೆ ನಿಂತು, ಕೂಸಿನ ಟೋಪಿ ಸರಿಮಾಡುತ್ತ, ತಲೆ ಬಗ್ಗಿಸಿ ಅದಕ್ಕೆ ಏನೋ ಹೇಳುತ್ತಿದ್ದಳು. ಇತ್ತ ಕಂಡದ್ದು ಮೆಲ್ಲಗೆ ಅಲ್ಲಾಡುವ ದವಡೆ ಮಾತ್ರ. ಕೂಸು ಕಣ್ಣು ಮಿಟುಕಿಸದೆ ಅವಳ ತುಟಿಗಳನ್ನೇ ನೋಡುತ್ತಿತ್ತು.